ಕೈಗಾರಿಕಾ ಉತ್ಪಾದನಾ ತಂತ್ರಜ್ಞಾನದ ಅಸೋಸಿಯೇಟ್ ಡಿಗ್ರಿ ಮತ್ತು ಡಿಪ್ಲೊಮಾ: ಕರಾವಳಿಯ ವಿದ್ಯಾರ್ಥಿಗಳು, ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಮಂಗಳೂರು ಮತ್ತು ಉಡುಪಿಯ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ: ಪಿಯುಸಿಗೆ ಸೇರಿಸುವುದೋ, ಡಿಪ್ಲೊಮಾಕ್ಕೆ ಸೇರಿಸುವುದೋ? ಈಚೆಗೆ ವಿದೇಶದ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯ ಹೆಸರೂ ಅದರ ಜೊತೆಗೆ ಸೇರಿಕೊಂಡಿದೆ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಹಲವು ವರ್ಷ ಉತ್ಪಾದನಾ ವಿಭಾಗದಲ್ಲಿ ದುಡಿದು, ಆಮೇಲೆ ವಿದ್ಯಾರ್ಥಿಗಳಿಗೆ ಯಂತ್ರದ ಕೆಲಸ ಕಲಿಸುತ್ತ ಬಂದಿರುವ ನನ್ನನ್ನು ಪೋಷಕರು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಅಸೋಸಿಯೇಟ್ ಡಿಗ್ರಿ ಎಂದರೆ ಏನು? ಅದು ನಮ್ಮ ಊರಿನಲ್ಲಿ ಸಿಗುತ್ತದೆಯೇ?

ಅಸೋಸಿಯೇಟ್ ಡಿಗ್ರಿ ಮುಖ್ಯವಾಗಿ ಅಮೆರಿಕದ ವ್ಯವಸ್ಥೆ. ಅಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರು ಸಮುದಾಯ ಕಾಲೇಜುಗಳಲ್ಲಿ ಸುಮಾರು 60 ಕ್ರೆಡಿಟ್‌ಗಳ, ಎರಡು ವರ್ಷದ ಈ ಪದವಿಯನ್ನು ಪಡೆಯುತ್ತಾರೆ. ಉತ್ಪಾದನಾ ತಂತ್ರಜ್ಞಾನದಂತಹ ಕೈಕೆಲಸದ ವಿಷಯಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಅನ್ವಯಿಕ ವಿಜ್ಞಾನದ ಅಸೋಸಿಯೇಟ್ ಪದವಿ ಎಂಬ ಹೆಸರಿರುತ್ತದೆ. ನಾಲ್ಕು ವರ್ಷದ ಎಂಜಿನಿಯರ್‌ಗೂ ಯಂತ್ರ ನಡೆಸುವ ಕಾರ್ಮಿಕನಿಗೂ ನಡುವೆ ನಿಂತು, ಡ್ರಾಯಿಂಗ್ ಓದಿ, ಯಂತ್ರ ಹೊಂದಿಸಿ, ತಯಾರಾದ ವಸ್ತುವಿನ ಗುಣಮಟ್ಟಕ್ಕೆ ಹೊಣೆ ಹೊರುವ ತಂತ್ರಜ್ಞನನ್ನು ಸಿದ್ಧಪಡಿಸುವುದು ಅದರ ಉದ್ದೇಶ.

ನಮ್ಮಲ್ಲಿ ಆ ಹೆಸರಿನ ಪದವಿ ಇಲ್ಲ. ಅದೇ ಜಾಗದಲ್ಲಿ ಇರುವುದು ಎಸ್‌ಎಸ್‌ಎಲ್‌ಸಿ ನಂತರದ ಮೂರು ವರ್ಷದ, ಆರು ಸೆಮಿಸ್ಟರ್‌ಗಳ ಪಾಲಿಟೆಕ್ನಿಕ್ ಡಿಪ್ಲೊಮಾ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪದವಿ ತರಗತಿಯಿಂದ ಎರಡು ವರ್ಷಕ್ಕೆ ಹೊರಬಂದವರಿಗೂ ಡಿಪ್ಲೊಮಾ ಕೊಡಬೇಕೆಂದು ಹೇಳಿರುವುದರಿಂದ ಕೆಲವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಅವು ಬೇರೆ ಬೇರೆ. ಕಾರ್ಖಾನೆಯವರು "ಡಿಪ್ಲೊಮಾ ಆದವರು ಬೇಕು" ಎಂದು ಜಾಹೀರಾತು ಕೊಟ್ಟರೆ ಅವರ ಮನಸ್ಸಿನಲ್ಲಿರುವುದು ಪಾಲಿಟೆಕ್ನಿಕ್ ಡಿಪ್ಲೊಮಾ.

ಉತ್ಪಾದನಾ ತಂತ್ರಜ್ಞಾನ ಎಂದರೆ ಮೆಕ್ಯಾನಿಕಲ್ ತಾನೇ?

ಬಹುಪಾಲು ಹೌದು, ಆದರೆ ಪೂರ್ತಿಯಾಗಿ ಅಲ್ಲ. ಒಂದು ವಸ್ತುವನ್ನು ಒಮ್ಮೆ ಮಾಡುವುದು ಒಂದು ವಿದ್ಯೆ. ಅದನ್ನೇ ದಿನಕ್ಕೆ ಸಾವಿರದಂತೆ, ಮೊದಲನೆಯದಕ್ಕೂ ಸಾವಿರದನೆಯದಕ್ಕೂ ವ್ಯತ್ಯಾಸ ಕಾಣದ ಹಾಗೆ, ಕೈಗೆಟಕುವ ಖರ್ಚಿನಲ್ಲಿ ಮಾಡುವುದು ಇನ್ನೊಂದು ವಿದ್ಯೆ. ಎರಡನೆಯದು ಉತ್ಪಾದನಾ ತಂತ್ರಜ್ಞಾನ.

ನಮ್ಮ ಊರಿಗೆ ಇದು ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಾಗ ನಡೆದದ್ದು ಇದೇ. ಇಲ್ಲಿ ಮಣ್ಣು ಮೊದಲಿನಿಂದಲೂ ಇತ್ತು, ಕುಂಬಾರರೂ ಇದ್ದರು. ಒಂದರ ಮೇಲೊಂದು ಸರಿಯಾಗಿ ಕೂರುವಷ್ಟು ಒಂದೇ ಅಳತೆಯ ಹಂಚುಗಳನ್ನು ಯಂತ್ರದಲ್ಲಿ ಒತ್ತಿ ತೆಗೆಯುವ ಕ್ರಮ ಹೊಸದಾಗಿ ಬಂತು.

ತರಗತಿಯ ಮೊದಲ ವಾರದಲ್ಲಿ ನಾನು ಹಂಚಿನದೇ ಒಂದು ಲೆಕ್ಕ ಕೊಡುತ್ತೇನೆ. ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ಅಚ್ಚಿನಿಂದ ಹೊರಬಂದ ಹಸಿ ಹಂಚು ಒಟ್ಟು ನೂರಕ್ಕೆ 10 ಪಾಲು ಕುಗ್ಗುತ್ತದೆ ಎಂದು ಇಟ್ಟುಕೊಳ್ಳೋಣ. ಸುಟ್ಟ ಹಂಚು 405 ಮಿಲಿಮೀಟರ್ ಉದ್ದ ಇರಬೇಕಾದರೆ ಅಚ್ಚು ಎಷ್ಟು ಉದ್ದ ಇರಬೇಕು? ತರಗತಿಯಲ್ಲಿ ಹೆಚ್ಚಿನವರು 405ಕ್ಕೆ ಅದರ ಹತ್ತನೆಯ ಒಂದು ಪಾಲು ಕೂಡಿಸಿ 445.5 ಎನ್ನುತ್ತಾರೆ. ಅಷ್ಟು ಉದ್ದದ ಅಚ್ಚಿನಿಂದ ಬರುವ ಹಂಚು 401 ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಅಂದರೆ ನಾಲ್ಕು ಮಿಲಿಮೀಟರ್ ಗಿಡ್ಡ. ಕುಗ್ಗುವುದು ಅಚ್ಚಿನ ಅಳತೆಯ ಹತ್ತನೆಯ ಒಂದು ಪಾಲೇ ಹೊರತು ಸುಟ್ಟ ಹಂಚಿನದಲ್ಲ. ಆದ್ದರಿಂದ 405ನ್ನು 0.9ರಿಂದ ಭಾಗಿಸಿ 450 ಎಂಬ ಉತ್ತರ ಪಡೆಯಬೇಕು. ಮಾಡು ಸೋರುವುದೂ ಸೋರದಿರುವುದೂ ಆ ನಾಲ್ಕು ಮಿಲಿಮೀಟರಿನಲ್ಲಿದೆ. ಈ ಲೆಕ್ಕ ತಪ್ಪಿದಾಗ ಬೇಸರಪಡದೆ "ಅದು ಹೇಗೆ?" ಎಂದು ಕೇಳುವ ಹುಡುಗ ಅಥವಾ ಹುಡುಗಿಗೆ ಈ ಓದು ಒಗ್ಗುತ್ತದೆ ಎಂಬುದು ನನ್ನ ಅನುಭವ.

ಮೂರು ವರ್ಷದಲ್ಲಿ ಏನೇನು ಕಲಿಯಬೇಕಾಗುತ್ತದೆ?

ಎಂಜಿನಿಯರಿಂಗ್ ಡ್ರಾಯಿಂಗ್, ಲೋಹ ಮತ್ತು ಪ್ಲಾಸ್ಟಿಕ್‌ಗಳ ಗುಣ, ಲೇತ್ (ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರ), ಮಿಲ್ಲಿಂಗ್, ಗ್ರೈಂಡಿಂಗ್ ಮತ್ತು ವೆಲ್ಡಿಂಗ್ ಕೆಲಸ, ಕಂಪ್ಯೂಟರ್ ಆದೇಶದಂತೆ ನಡೆಯುವ ಸಿಎನ್‌ಸಿ ಯಂತ್ರಗಳ ಪ್ರೋಗ್ರಾಮಿಂಗ್, ಕೆಲಸದ ವಸ್ತುವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಜಿಗ್ ಮತ್ತು ಫಿಕ್ಸ್ಚರ್‌ಗಳ ವಿನ್ಯಾಸ, ಅಳತೆಶಾಸ್ತ್ರ, ಗುಣಮಟ್ಟ ನಿಯಂತ್ರಣ, ಉತ್ಪಾದನಾ ಯೋಜನೆ ಇವು ಮುಖ್ಯ. ಇವುಗಳಲ್ಲಿ ಪಠ್ಯದ ಪುಟಗಳನ್ನು ನೋಡಿದರೆ ಚಿಕ್ಕದಾಗಿ ಕಾಣುವ ಅಳತೆಶಾಸ್ತ್ರವೇ ಕೆಲಸಕ್ಕೆ ಸೇರಿದ ಮೇಲೆ ಎಲ್ಲಕ್ಕಿಂತ ದೊಡ್ಡದಾಗುತ್ತದೆ ಎಂದು ನಾನು ನಂಬಿದ್ದೇನೆ.

ನನ್ನ ಮೊದಲ ಕೆಲಸದ ಮೂರನೆಯ ತಿಂಗಳಿನಲ್ಲಿ 60 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟ್‌ಗಳನ್ನು ಲೇತ್‌ನಲ್ಲಿ ತಿರುವುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಡ್ರಾಯಿಂಗ್‌ನಲ್ಲಿ ಇದ್ದ ಮಿತಿ ಎಚ್7, ಅಂದರೆ 60.00ಕ್ಕಿಂತ ಹೆಚ್ಚಾಗಬಾರದು, 59.97ಕ್ಕಿಂತ ಕಡಿಮೆಯೂ ಆಗಬಾರದು. ಬಿಸಿ ತಗ್ಗಿಸುವ ಕೂಲಂಟ್ ದ್ರವ ಸರಿಯಾಗಿ ಬೀಳುತ್ತಿರಲಿಲ್ಲ, ನನಗೆ ಅವಸರ. ಪ್ರತಿ ಶಾಫ್ಟ್ ಮುಗಿದ ಕೂಡಲೇ ಮೈಕ್ರೋಮೀಟರ್ ಇಟ್ಟು 59.98 ಎಂದು ಓದಿ, ಸರಿಯಿದೆಯೆಂದು ಬದಿಗಿರಿಸುತ್ತ ಹೋದೆ. ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಷನ್ ಮೇಜಿನ ಮೇಲೆ ಅವೇ ಶಾಫ್ಟ್‌ಗಳು 59.96 ತೋರಿಸಿದವು, ಹನ್ನೆರಡೂ ಗುಜರಿಗೆ ಹೋದವು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು ಹನ್ನೊಂದೂವರೆ ಪಾಲು ಹಿಗ್ಗುತ್ತದೆ. 60 ಮಿಲಿಮೀಟರಿನ ಶಾಫ್ಟ್ 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಅದು 0.02 ಮಿಲಿಮೀಟರ್ ದಪ್ಪವಾಗಿ ಕಾಣುತ್ತದೆ. ಈ ಸೂತ್ರವನ್ನು ನಾನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು ಅಂಕ ಪಡೆದಿದ್ದವನು. ಕೈಯಲ್ಲಿದ್ದ ಬಿಸಿ ಶಾಫ್ಟಿಗೂ ಆ ಸೂತ್ರಕ್ಕೂ ಸಂಬಂಧವಿದೆ ಎಂಬುದು ಮಾತ್ರ ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ. ಅಳತೆಯ ಮಾನಕ ಉಷ್ಣತೆ 20 ಡಿಗ್ರಿ. ನಮ್ಮ ಊರಿನ ಕಾರ್ಯಾಗಾರಗಳು ಆ ಉಷ್ಣತೆಯನ್ನು ಹವಾನಿಯಂತ್ರಿತ ಕೋಣೆಯ ಹೊರಗೆ ಕಾಣುವುದು ತೀರಾ ಅಪರೂಪ ಎಂಬುದನ್ನು ಇಲ್ಲಿನ ವಿದ್ಯಾರ್ಥಿ ಸದಾ ನೆನಪಿಡಬೇಕು.

ಉತ್ಪಾದನಾ ಯೋಜನೆಯ ಲೆಕ್ಕಗಳು ಇನ್ನೊಂದು ಬಗೆಯವು. ಎಂಟು ಗಂಟೆಯ ಪಾಳಿಯಲ್ಲಿ ಊಟ, ಚಹಾಕ್ಕೆ 30 ನಿಮಿಷ ಕಳೆದರೆ ಉಳಿಯುವುದು 450 ನಿಮಿಷ. ಗಿರಾಕಿಗೆ ದಿನಕ್ಕೆ 900 ಬಿಡಿಭಾಗ ಬೇಕಾದರೆ ಪ್ರತಿ 30 ಸೆಕೆಂಡಿಗೆ ಒಂದು ಹೊರಬರಬೇಕು. ಸಾಲಿನಲ್ಲಿರುವ ಯಾವುದೋ ಒಂದು ಯಂತ್ರ 40 ಸೆಕೆಂಡ್ ತೆಗೆದುಕೊಂಡರೆ ಉಳಿದ ಯಂತ್ರಗಳು ಎಷ್ಟೇ ವೇಗವಾಗಿ ಓಡಿದರೂ ಆ ದಿನ 675ಕ್ಕಿಂತ ಹೆಚ್ಚು ಬಿಡಿಭಾಗ ಬರುವುದಿಲ್ಲ. ಹಾಗೆಯೇ, ಯಂತ್ರವೊಂದು ಸಮಯದ ನೂರಕ್ಕೆ 90 ಪಾಲು ಓಡಿ, ಓಡುವಾಗ ನೂರಕ್ಕೆ 95ರ ವೇಗದಲ್ಲಿದ್ದು, ತಯಾರಾದದ್ದರಲ್ಲಿ ನೂರಕ್ಕೆ 98 ಸರಿಯಿದ್ದರೆ ಮೂರನ್ನೂ ಗುಣಿಸಿ ಅದರ ಒಟ್ಟು ದಕ್ಷತೆ 84ಕ್ಕೂ ಸ್ವಲ್ಪ ಕಡಿಮೆ ಎನ್ನಬೇಕಾಗುತ್ತದೆ. ಬಿಡಿ ಬಿಡಿಯಾಗಿ ನೋಡಿದಾಗ ಚೆನ್ನಾಗಿ ಕಾಣುವ ಮೂರು ಅಂಕಿಗಳು ಕೂಡಿದಾಗ ಎಲ್ಲಿ ನಷ್ಟವಾಗುತ್ತಿದೆ ಎಂಬುದನ್ನು ತೋರಿಸುತ್ತವೆ.

ಮಂಗಳೂರು ಮತ್ತು ಉಡುಪಿಯಲ್ಲಿ ಎಲ್ಲಿ ಓದಬಹುದು?

ಕದ್ರಿ ಗುಡ್ಡೆಯ ಕರ್ನಾಟಕ ಸರ್ಕಾರಿ ಪಾಲಿಟೆಕ್ನಿಕ್ ಅನ್ನು ಊರಿನವರೆಲ್ಲ ಕೆಪಿಟಿ ಎಂದೇ ಕರೆಯುತ್ತಾರೆ. ಹೆದ್ದಾರಿಯ ವೃತ್ತಕ್ಕೂ ಅದೇ ಹೆಸರು ಬಿದ್ದಿದೆ. ಅಲ್ಲಿ ಮೆಕ್ಯಾನಿಕಲ್ ಅಲ್ಲದೆ ಕೆಮಿಕಲ್, ಪಾಲಿಮರ್ (ಪ್ಲಾಸ್ಟಿಕ್, ರಬ್ಬರ್‌ನಂತಹ ವಸ್ತುಗಳ ವಿದ್ಯೆ) ಮತ್ತು ಆಟೊಮೊಬೈಲ್ ವಿಭಾಗಗಳೂ ಇವೆ. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಪಾಲಿಟೆಕ್ನಿಕ್ ಇದೆ. ಇವಲ್ಲದೆ ಎರಡೂ ಜಿಲ್ಲೆಗಳಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ ಪಾಲಿಟೆಕ್ನಿಕ್‌ಗಳು ಹಲವಿವೆ.

ಉತ್ಪಾದನೆಯನ್ನೇ ಗುರಿಯಾಗಿಟ್ಟುಕೊಂಡ ವಿದ್ಯಾರ್ಥಿ ತಪ್ಪದೆ ವಿಚಾರಿಸಬೇಕಾದ ಇನ್ನೊಂದು ಸಂಸ್ಥೆ ಬೈಕಂಪಾಡಿಯಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆ ಈಗ ರಾಜ್ಯದ ಹಲವೆಡೆ ಕೇಂದ್ರಗಳನ್ನು ಹೊಂದಿದೆ. ಅದರ ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ ಮತ್ತು ಅಚ್ಚುಗಳ ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷದ ಕಾರ್ಖಾನೆ ತರಬೇತಿ ಇದೆ. ಒಂದು ವರ್ಷ ಹೆಚ್ಚಾಯಿತಲ್ಲ ಎಂದು ಪೋಷಕರು ಹಿಂಜರಿಯುವುದನ್ನು ನೋಡಿದ್ದೇನೆ. ಅಚ್ಚು ಮತ್ತು ಡೈ ತಯಾರಿಕೆಯಲ್ಲಿ ಮೈಕ್ರಾನ್‌ಗಳ (ಮಿಲಿಮೀಟರಿನ ಸಾವಿರದ ಒಂದು ಪಾಲಿನ) ಲೆಕ್ಕದಲ್ಲಿ ಕೈ ಪಳಗಬೇಕು. ಅದಕ್ಕೆ ಆ ವರ್ಷ ಹೆಚ್ಚೇನಲ್ಲ.

ಮೆಕ್ಯಾನಿಕಲ್, ಕೆಮಿಕಲ್, ಪಾಲಿಮರ್: ನಮ್ಮ ಕರಾವಳಿಗೆ ಯಾವುದು ಹೊಂದುತ್ತದೆ?

ಇದು ಕೇಳಲೇಬೇಕಾದ ಪ್ರಶ್ನೆ, ಆದರೆ ಕೇಳುವವರು ಕಡಿಮೆ. ನಮ್ಮ ಸುತ್ತ ಎರಡು ಬಗೆಯ ಕಾರ್ಖಾನೆಗಳಿವೆ. ಪಣಂಬೂರಿನ ಮಂಗಳೂರು ರಸಗೊಬ್ಬರ ಕಾರ್ಖಾನೆ, ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯದ ಎಂಆರ್‌ಪಿಎಲ್ ಇಂತಹವು ಪ್ರಕ್ರಿಯಾ ಕೈಗಾರಿಕೆಗಳು. ಅಲ್ಲಿ ವಸ್ತು ಕೊಳವೆಯಲ್ಲಿ ಹರಿಯುತ್ತದೆ; ಒತ್ತಡ, ಉಷ್ಣತೆ, ಹರಿವು ಇವುಗಳ ಮೇಲೆ ಕಣ್ಣಿಟ್ಟು ಹಗಲಿರುಳು ಪಾಳಿಯಲ್ಲಿ ನಡೆಸಬೇಕು. ಇಲ್ಲಿ ಕೆಮಿಕಲ್ ಡಿಪ್ಲೊಮಾದವರು ಸ್ಥಾವರ ನಡೆಸಿದರೆ, ಮೆಕ್ಯಾನಿಕಲ್ ಡಿಪ್ಲೊಮಾದವರು ಪಂಪು, ಕಂಪ್ರೆಸರ್, ವಾಲ್ವ್‌ಗಳ ನಿರ್ವಹಣೆಯಲ್ಲಿ ಇರುತ್ತಾರೆ. ಎರಡನೆಯ ಬಗೆಯವು ಬೈಕಂಪಾಡಿ ಮತ್ತು ಯೆಯ್ಯಾಡಿಯ ಕೈಗಾರಿಕಾ ಪ್ರದೇಶಗಳಲ್ಲಿರುವಂತಹ ಸಣ್ಣ, ಮಧ್ಯಮ ಘಟಕಗಳು. ಬಿಡಿ ಬಿಡಿ ವಸ್ತುಗಳನ್ನು ತಯಾರಿಸುವ ಇಂತಹ ಕಡೆ ಲೇತ್, ಮಿಲ್ಲಿಂಗ್, ಮೋಲ್ಡಿಂಗ್ ಬಲ್ಲವರಿಗೆ ಕೆಲಸ. ಮಲ್ಪೆ ಮತ್ತು ಹಂಗಾರಕಟ್ಟೆಯಲ್ಲಿರುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಮೂರನೆಯ ಬಗೆ ಎನ್ನಬಹುದು. ಅಲ್ಲಿ ಉಕ್ಕಿನ ತಗಡು ಕತ್ತರಿಸುವುದು, ಬಾಗಿಸುವುದು, ವೆಲ್ಡಿಂಗ್ ಮಾಡುವುದು ಮತ್ತು ವೆಲ್ಡಿಂಗ್ ಪರೀಕ್ಷಿಸುವುದು ಮುಖ್ಯ.

ಪಾಲಿಮರ್ ವಿಭಾಗದ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಹವೆಯಲ್ಲಿ ಆ ವಿದ್ಯೆಗೆ ವಿಶೇಷ ಬೆಲೆಯಿದೆ. ನೈಲಾನ್‌ನಂತಹ ಪ್ಲಾಸ್ಟಿಕ್ ಹರಳುಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಜೂನ್ ತಿಂಗಳ ಮಳೆಯಲ್ಲಿ ಚೀಲ ಬಿಚ್ಚಿಟ್ಟು, ಒಣಗಿಸದೆ ಯಂತ್ರಕ್ಕೆ ಸುರಿದರೆ ಹೊರಬರುವ ಭಾಗಗಳ ಮೈಮೇಲೆ ಬೆಳ್ಳಿಯ ಗೆರೆಗಳು ಮೂಡುತ್ತವೆ, ಒತ್ತಿದರೆ ಮುರಿಯುತ್ತವೆ. ಯಂತ್ರ ಕೆಟ್ಟಿದೆಯೆಂದು ಇಡೀ ದಿನ ಹುಡುಕುವವರ ನಡುವೆ, ಹರಳನ್ನು ಮುಟ್ಟಿ ನೋಡಿ "ಡ್ರೈಯರ್ ಹಾಕಿದ್ದೀರಾ?" ಎಂದು ಕೇಳಬಲ್ಲವರು ಬೇಕು.

ಸೇರಲು ಅರ್ಹತೆ ಏನು? ಐಟಿಐ ಅಥವಾ ಪಿಯುಸಿ ಆದವರು ಸೇರಬಹುದೇ?

ಎಸ್‌ಎಸ್‌ಎಲ್‌ಸಿ ಉತ್ತೀರ್ಣರಾಗಿದ್ದರೆ ಮೊದಲ ವರ್ಷಕ್ಕೆ ಅರ್ಜಿ ಹಾಕಬಹುದು. ಸರ್ಕಾರಿ ಸೀಟುಗಳನ್ನು ಆ ಪರೀಕ್ಷೆಯ ಅಂಕಗಳ ಆಧಾರದಲ್ಲಿ, ಮೀಸಲಾತಿ ನಿಯಮದಂತೆ ಹಂಚಲಾಗುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವರಿಗೂ ವಿಜ್ಞಾನ ಪಿಯುಸಿ ಮುಗಿಸಿದವರಿಗೂ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ಜಿಟಿಟಿಸಿಗೆ ಅರ್ಜಿ ಬೇರೆಯಾಗಿ ಹಾಕಬೇಕು. ಪಾಲಿಟೆಕ್ನಿಕ್ ಅರ್ಜಿಯಲ್ಲಿ ಅದೂ ಸೇರಿದೆ ಎಂದುಕೊಂಡು ಸುಮ್ಮನಿದ್ದು ಸೀಟು ಕಳೆದುಕೊಂಡವರಿದ್ದಾರೆ.

ಮಗನಿಗೆ ಪಿಯುಸಿ ವಿಜ್ಞಾನಕ್ಕೆ ಬೇಕಾದಷ್ಟು ಅಂಕ ಬಂದಿಲ್ಲ. ಅದಕ್ಕೇ ಡಿಪ್ಲೊಮಾ ಎಂದುಕೊಂಡಿದ್ದೇವೆ. ಸರಿಯೇ?

ಕಾರಣ ಅದೊಂದೇ ಆದರೆ ಸರಿಯಲ್ಲ. ಡಿಪ್ಲೊಮಾದ ಮೊದಲ ವರ್ಷದಲ್ಲಿಯೇ ಗಣಿತವಿದೆ, ತ್ರಿಕೋನಮಿತಿ ಇದೆ. ಟೇಪರ್ (ಒಂದು ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವ ಆಕಾರ) ತಿರುವಲು ಕೋನದ ಲೆಕ್ಕ ಬೇಕು, ಡೈಯ ವಿನ್ಯಾಸಕ್ಕೂ ಬೇಕು. ಗಣಿತದಿಂದ ತಪ್ಪಿಸಿಕೊಳ್ಳಲು ಬಂದವರು ಇಲ್ಲಿಯೂ ಅದನ್ನೇ ಎದುರಿಸುತ್ತಾರೆ. ಆದರೆ ಕಪ್ಪು ಹಲಗೆಯ ಮೇಲೆ ಅರ್ಥವಾಗದ ಕೋನವು ಲೇತ್‌ನ ಟೂಲ್ ಹಿಡಿಯುವ ಕಾಂಪೌಂಡ್ ಸ್ಲೈಡ್ ಅನ್ನು ತಿರುಗಿಸಿ ಇಟ್ಟ ದಿನ ಅರ್ಥವಾದ ಮಕ್ಕಳನ್ನೂ ನಾನು ಕಂಡಿದ್ದೇನೆ. ಮನೆಯ ಮಿಕ್ಸಿ, ಸೈಕಲ್, ಪಂಪ್‌ಸೆಟ್ ಬಿಚ್ಚಿ ನೋಡುವ ಹುಡುಗನಿಗೆ ಅಂಕ ಕಡಿಮೆ ಬಂದಿದ್ದರೆ ಧೈರ್ಯವಾಗಿ ಸೇರಿಸಿ. ಅಂತಹ ಯಾವ ಆಸಕ್ತಿಯೂ ಇಲ್ಲದೆ ಸೇರಿಸುವ ಮೊದಲು ಅವನನ್ನು ಕೂರಿಸಿಕೊಂಡು ಒಮ್ಮೆ ಕೇಳಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ತೊಡಕಾಗುವುದಿಲ್ಲವೇ?

ಮೊದಲ ಸೆಮಿಸ್ಟರ್‌ನಲ್ಲಿ ಆಗುತ್ತದೆ. ಆಮೇಲೆ ಕಡಿಮೆಯಾಗುತ್ತದೆ, ಏಕೆಂದರೆ ಈ ವಿದ್ಯೆಯ ಹೆಚ್ಚಿನ ಪದಗಳು ಕಣ್ಣೆದುರಿಗಿರುವ ವಸ್ತುಗಳ ಹೆಸರುಗಳು. ಚಕ್, ಟೇಲ್‌ಸ್ಟಾಕ್, ಬೆಡ್, ಸ್ಪಿಂಡಲ್ ಎಂಬ ಲೇತ್ ಭಾಗಗಳ ಹೆಸರುಗಳನ್ನು ಇಂಗ್ಲಿಷ್ ಮಾಧ್ಯಮದಿಂದ ಬಂದವರೂ ಅಂದೇ ಹೊಸದಾಗಿ ಕಲಿಯುತ್ತಾರೆ. ಡ್ರಾಯಿಂಗ್ ಅಂತೂ ಗೆರೆ ಮತ್ತು ಅಂಕಿಗಳ ಭಾಷೆ. ಕಾರ್ಖಾನೆಯ ಒಳಗೆ ಹಿರಿಯ ಫಿಟ್ಟರ್‌ಗಳು ತುಳುವಿನಲ್ಲೇ ಹೇಳಿಕೊಡುತ್ತಾರೆ, ಕೇಳುವವರಿಗೆ ತಾಳ್ಮೆಯಿಂದ ಹೇಳುತ್ತಾರೆ. ಇಂಗ್ಲಿಷ್ ನಿಜವಾಗಿ ಬೇಕಾಗುವುದು ವರದಿ ಬರೆಯುವಾಗ ಮತ್ತು ಯಂತ್ರದ ಕೈಪಿಡಿ ಓದುವಾಗ. ದಿನಕ್ಕೆ ಕೈಪಿಡಿಯ ಒಂದು ಪುಟ ಓದಿ, ತಿಳಿದದ್ದನ್ನು ಕನ್ನಡದಲ್ಲಿ ಎರಡು ಸಾಲು ಬರೆದಿಟ್ಟುಕೊಳ್ಳುವ ಅಭ್ಯಾಸ ನನ್ನ ಹಲವು ವಿದ್ಯಾರ್ಥಿಗಳಿಗೆ ಫಲ ಕೊಟ್ಟಿದೆ.

ಹೆಣ್ಣುಮಕ್ಕಳಿಗೆ ಈ ಕೆಲಸ ಆಗುತ್ತದೆಯೇ?

ಆಗುತ್ತದೆ. ಸಿಎನ್‌ಸಿ ಪ್ರೋಗ್ರಾಮಿಂಗ್, ಅಳತೆ, ಗುಣಮಟ್ಟ ಪರಿಶೀಲನೆ, ಯೋಜನೆ, ವಿನ್ಯಾಸ ಇವುಗಳಿಗೆ ತೋಳಿನ ಬಲ ಬೇಡ. ಭಾರ ಎತ್ತಲು ಹಾಯ್ಸ್ಟ್ ಇದೆ, ಗಂಡಸರೂ ಅದನ್ನೇ ಬಳಸಬೇಕು. ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ಕರ್ನಾಟಕ ಸರ್ಕಾರ 2019ರ ನವೆಂಬರ್‌ನಲ್ಲಿ ಅವಕಾಶ ಕೊಟ್ಟಾಗ, ಅವರ ಲಿಖಿತ ಒಪ್ಪಿಗೆ, ಸಾರಿಗೆ, ಭದ್ರತೆ ಇತ್ಯಾದಿ ಷರತ್ತುಗಳನ್ನು ಹಾಕಿತು. ಕೆಲಸಕ್ಕೆ ಸೇರುವಾಗ ಇವುಗಳ ಬಗ್ಗೆ ನೇರವಾಗಿ ಕೇಳಲು ಸಂಕೋಚಪಡಬೇಡಿ. ತಾಂತ್ರಿಕ ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಪ್ರಗತಿ ವಿದ್ಯಾರ್ಥಿವೇತನವಿದೆ: ವರ್ಷಕ್ಕೆ 50,000 ರೂಪಾಯಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು, ಒಂದು ಮನೆಯಿಂದ ಇಬ್ಬರವರೆಗೆ ಪಡೆಯಬಹುದು. ಮೊದಲ ವರ್ಷಕ್ಕೆ ಸೇರಿದಾಗಲೇ ಅರ್ಜಿ ಹಾಕಬೇಕು; ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದವರು ಆ ವರ್ಷ ಹಾಕಬಹುದು.

ಯಂತ್ರದ ಕೆಲಸ ಅಪಾಯವಲ್ಲವೇ?

ನಿಯಮ ಪಾಲಿಸದಿದ್ದರೆ ಖಂಡಿತ ಅಪಾಯ. ಲೇತ್ ಮತ್ತು ಡ್ರಿಲ್ಲಿಂಗ್ ಯಂತ್ರದ ಎದುರು ಕೈಗವಸು ಹಾಕಬಾರದು ಎಂದಾಗ ಪೋಷಕರಿಗೆ ಆಶ್ಚರ್ಯವಾಗುತ್ತದೆ. ತಿರುಗುವ ಭಾಗ ಗವಸಿನ ಒಂದು ಎಳೆಯನ್ನು ಹಿಡಿದರೆ ಕೈಯನ್ನೇ ಒಳಗೆಳೆದುಕೊಳ್ಳುತ್ತದೆ. ಉದ್ದ ತೋಳಿನ ಅಂಗಿ, ಕೈಗೆ ಕಟ್ಟಿದ ದಾರ, ಉಂಗುರ, ಕುತ್ತಿಗೆಯ ಐಡಿ ಕಾರ್ಡಿನ ಪಟ್ಟಿ, ಬಿಚ್ಚಿದ ಕೂದಲು ಎಲ್ಲದಕ್ಕೂ ಇದೇ ಮಾತು. ದೇವಸ್ಥಾನದಿಂದ ಕಟ್ಟಿಸಿಕೊಂಡು ಬಂದ ದಾರ ಬಿಚ್ಚಲು ಮಕ್ಕಳು ಹಿಂಜರಿದರೆ, ಅದನ್ನು ಬಿಚ್ಚಿ ಕಿಸೆಯಲ್ಲಿ ಭದ್ರವಾಗಿಟ್ಟುಕೊಳ್ಳಿ ಎನ್ನುತ್ತೇನೆ. ಮನೆಯವರೂ ಹಾಗೆಯೇ ಹೇಳಿ ಕಳುಹಿಸಿದರೆ ನಮಗೆ ದೊಡ್ಡ ಸಹಾಯ. ವಸ್ತುವನ್ನು ಹಿಡಿಯುವ ಚಕ್ ಅನ್ನು ಬಿಗಿಮಾಡುವ ಚಕ್ ಕೀಯನ್ನು ಚಕ್‌ನಲ್ಲಿಯೇ ಬಿಟ್ಟು ಯಂತ್ರ ಚಾಲೂ ಮಾಡಿದರೆ ಅದು ಕಲ್ಲು ಬೀಸಿದಂತೆ ಹಾರಿ ಬರುತ್ತದೆ. ಆದ್ದರಿಂದ ಚಕ್ ಕೀ ಒಂದೋ ಕೈಯಲ್ಲಿರಬೇಕು, ಇಲ್ಲವೇ ಅದರ ಜಾಗದಲ್ಲಿರಬೇಕು. ಮೂರನೆಯ ಜಾಗ ಅದಕ್ಕಿಲ್ಲ.

ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ ಅಮೆರಿಕಕ್ಕೆ ಕಳುಹಿಸುವುದು ಲಾಭವೇ?

ಸಾಲ ಮಾಡಿ ಕಳುಹಿಸುವ ಯೋಚನೆಯಿದ್ದರೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಕಾರಣ ಅಲ್ಲಿನ ಓದಿನ ಮಟ್ಟವಲ್ಲ; ಅಲ್ಲಿನ ಒಳ್ಳೆಯ ಸಮುದಾಯ ಕಾಲೇಜುಗಳ ಕಾರ್ಯಾಗಾರಗಳು ನಿಜಕ್ಕೂ ಚೆನ್ನಾಗಿವೆ. ವೀಸಾದ ನಿಯಮಗಳೇ ಕಾರಣ. ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಅಸೋಸಿಯೇಟ್ ಡಿಗ್ರಿ ಮುಗಿಸಿದವರಿಗೆ ಓದಿಗೆ ಸಂಬಂಧಿಸಿದ ಕೆಲಸದ ತರಬೇತಿಗೆ ಗರಿಷ್ಠ 12 ತಿಂಗಳ ಅವಕಾಶವಿದೆ. ತಾಂತ್ರಿಕ ವಿಷಯಗಳಿಗೆ ಸಿಗುವ 24 ತಿಂಗಳ ವಿಸ್ತರಣೆಗೆ ಕನಿಷ್ಠ ಬ್ಯಾಚಲರ್ ಪದವಿ ಬೇಕು. ಎಚ್-1ಬಿ ಎಂಬ ಉದ್ಯೋಗ ವೀಸಾ ಕೊಡುವ ಹುದ್ದೆಗಳಿಗೂ ಸಾಮಾನ್ಯವಾಗಿ ಬ್ಯಾಚಲರ್ ಪದವಿಯೇ ಅಳತೆಗೋಲು. ಏಜೆಂಟರು ಈ ಮೂರು ವಾಕ್ಯಗಳನ್ನು ಪೋಷಕರಿಗೆ ಬಿಡಿಸಿ ಹೇಳುವುದಿಲ್ಲ.

ಅಲ್ಲಿಯೇ ಮುಂದೆ ಬ್ಯಾಚಲರ್ ಪದವಿ ಮುಗಿಸುವ ಉದ್ದೇಶವಿದ್ದರೆ ಎರಡು ವಿಷಯ ಮೊದಲೇ ಲಿಖಿತವಾಗಿ ಕೇಳಿ ಪಡೆಯಬೇಕು. ಒಂದು, ಈ ಕಾಲೇಜಿನ ಎಷ್ಟು ಕ್ರೆಡಿಟ್‌ಗಳನ್ನು ಮುಂದಿನ ವಿಶ್ವವಿದ್ಯಾಲಯ ಒಪ್ಪುತ್ತದೆ. ಅನ್ವಯಿಕ ವಿಜ್ಞಾನದ ಅಸೋಸಿಯೇಟ್ ಪದವಿ ನೇರವಾಗಿ ಉದ್ಯೋಗಕ್ಕೆಂದು ರೂಪಿಸಿದ್ದಾದ್ದರಿಂದ ಅದರ ಎಲ್ಲ ಕ್ರೆಡಿಟ್‌ಗಳೂ ಎಲ್ಲೆಡೆ ವರ್ಗಾವಣೆಯಾಗುವುದಿಲ್ಲ. ಎರಡು, ಆ ಕಾರ್ಯಕ್ರಮಕ್ಕೆ ಎಬೆಟ್ ಎಂಬ ಮಾನ್ಯತಾ ಸಂಸ್ಥೆಯ ಎಂಜಿನಿಯರಿಂಗ್ ತಂತ್ರಜ್ಞಾನ ಆಯೋಗದ ಮಾನ್ಯತೆ ಇದೆಯೇ ಎಂಬುದು.

ಹೋಗುವವರು ಇಲ್ಲಿಂದಲೇ ಅಭ್ಯಾಸ ಮಾಡಿಕೊಳ್ಳಬೇಕಾದ್ದೂ ಇದೆ. ನಮ್ಮಲ್ಲಿ ಡ್ರಾಯಿಂಗ್‌ಗೆ ಪ್ರಥಮ ಕೋನ ಪ್ರಕ್ಷೇಪಣೆ, ಅಮೆರಿಕದಲ್ಲಿ ತೃತೀಯ ಕೋನ ಪ್ರಕ್ಷೇಪಣೆ. ಇಲ್ಲಿ ಎದುರುನೋಟದ ಕೆಳಗೆ ಬರುವ ಮೇಲ್ನೋಟ ಅಲ್ಲಿ ಮೇಲೆ ಬರುತ್ತದೆ; ಹಾಳೆಯ ಮೂಲೆಯಲ್ಲಿರುವ ಸಣ್ಣ ಚಿಹ್ನೆಯನ್ನು ನೋಡದೆ ಕೆಲಸ ಆರಂಭಿಸಿದರೆ ರಂಧ್ರ ತಪ್ಪು ಬದಿಗೆ ಬೀಳುತ್ತದೆ. ಅಳತೆಯೂ ಅಲ್ಲಿ ಬಹಳ ಕಡೆ ಅಂಗುಲದಲ್ಲಿ, ಅದರ ಸಾವಿರದ ಒಂದು ಪಾಲಿನಲ್ಲಿ ನಡೆಯುತ್ತದೆ. ಅಂತಹ ಒಂದು ಪಾಲು 0.0254 ಮಿಲಿಮೀಟರ್.

ಗಲ್ಫ್‌ನಲ್ಲಿ ಡಿಪ್ಲೊಮಾಕ್ಕೆ ಬೆಲೆ ಇದೆಯೇ?

ಇದೆ, ಅನುಭವದ ಜೊತೆಗೆ. ಡಿಪ್ಲೊಮಾ ಪ್ರಮಾಣಪತ್ರವನ್ನು ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ ದೃಢೀಕರಿಸಿಕೊಳ್ಳಬೇಕು. ಒಮಾನ್, ಬಹ್ರೇನ್, ಸೌದಿ ಅರೇಬಿಯಾಗಳಿಗೆ ಆ ಸಚಿವಾಲಯ ಹಾಕುವ ಅಪೋಸ್ಟಿಲ್ (ಅಂತರರಾಷ್ಟ್ರೀಯ ದೃಢೀಕರಣ) ಮುದ್ರೆ ಸಾಕು. ಓದು ಮುಗಿದ ತಕ್ಷಣ ಹೊರಡುವುದಕ್ಕಿಂತ ಇಲ್ಲಿ ಎರಡು ಮೂರು ವರ್ಷ ಒಂದೇ ಬಗೆಯ ಕೆಲಸದಲ್ಲಿ ಪಳಗಿ ಹೋದವರು ಒಳ್ಳೆಯ ಹುದ್ದೆಗೆ ಹೋಗಿದ್ದಾರೆ.

ಡಿಪ್ಲೊಮಾ ಆದ ಮೇಲೆ ಬಿಇ ಮಾಡಬೇಕೋ, ಕೆಲಸಕ್ಕೆ ಸೇರಬೇಕೋ?

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಪ್ಲೊಮಾ ಸಿಇಟಿ ಬರೆದು ಬಿಇಯ ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ ಸೇರಬಹುದು. ಸಾಮಾನ್ಯ ವರ್ಗದವರಿಗೆ ಡಿಪ್ಲೊಮಾದಲ್ಲಿ ನೂರಕ್ಕೆ 45, ಮೀಸಲು ವರ್ಗದವರಿಗೆ 40 ಅಂಕ ಬೇಕು. ಮನೆಯ ಪರಿಸ್ಥಿತಿ ಅನುಮತಿಸಿದರೆ, ಓದಿನಲ್ಲಿ ಉತ್ಸಾಹ ಉಳಿದಿದ್ದರೆ ಅದು ಒಳ್ಳೆಯ ದಾರಿ.

ಆದರೆ ನಡುವೆ ಇರುವ ಇನ್ನೊಂದು ದಾರಿಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ: ಅಪ್ರೆಂಟಿಸ್ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ಬಂದ ತಿದ್ದುಪಡಿಯಿಂದ ಡಿಪ್ಲೊಮಾ ಆದವರೂ ಟೆಕ್ನೀಷಿಯನ್ ಅಪ್ರೆಂಟಿಸ್ ಆಗಿ ಒಂದು ವರ್ಷ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆದು ಕಲಿಯಬಹುದು. 2019ರ ನಿಯಮ ತಿದ್ದುಪಡಿಯಲ್ಲಿ ಇದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 8,000 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಎಂಆರ್‌ಪಿಎಲ್‌ನಂತಹ ಸಾರ್ವಜನಿಕ ವಲಯದ ಸಂಸ್ಥೆಗಳು ಇದಕ್ಕಾಗಿ ಪ್ರಕಟಣೆ ಹೊರಡಿಸುತ್ತವೆ. ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ತರಬೇತಿ ಯೋಜನೆಯ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಿಕೊಂಡಿರಬೇಕು. ಅಪ್ರೆಂಟಿಸ್ ಮುಗಿದ ಮೇಲೆ ಅಲ್ಲಿಯೇ ಕೆಲಸ ಸಿಗುತ್ತದೆ ಎಂಬ ಖಾತರಿ ಇಲ್ಲ. ಆದರೂ ಒಂದು ವರ್ಷ ದೊಡ್ಡ ಸ್ಥಾವರದೊಳಗೆ ನಡೆದಾಡಿದವರು ಬಿಇಗೆ ಹೋದಾಗ ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ರೋಬೋಟ್‌ಗಳು ಬಂದ ಮೇಲೆ ಈ ಕೆಲಸಗಳು ಉಳಿಯುತ್ತವೆಯೇ?

ಒಂದೇ ಕೆಲಸವನ್ನು ದಿನವಿಡೀ ಮಾಡುವ ಹುದ್ದೆಗಳು ಕಡಿಮೆಯಾಗುತ್ತಿವೆ. ರೋಬೋಟ್‌ನ ಕೈಗೆ ವಸ್ತು ಪ್ರತಿ ಸಲ ಒಂದೇ ಜಾಗದಲ್ಲಿ ಸಿಗುವಂತೆ ಫಿಕ್ಸ್ಚರ್ ಮಾಡುವವರು, ಸವೆದ ಟೂಲ್ ಅನ್ನು ಸದ್ದಿನಿಂದಲೇ ಗುರುತಿಸುವವರು, ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂದು ಸಂಶಯಪಡುವವರು ಇನ್ನೂ ಹೆಚ್ಚು ಬೇಕಾಗಿದ್ದಾರೆ. ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ಮತ್ತು ನ್ಯೂಮ್ಯಾಟಿಕ್ಸ್ (ಒತ್ತಿದ ಗಾಳಿಯಿಂದ ಯಂತ್ರ ನಡೆಸುವ ವಿದ್ಯೆ) ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ.

ಕಾಲೇಜು ಆಯ್ಕೆ ಮಾಡುವ ಮೊದಲು ಏನನ್ನು ನೋಡಬೇಕು?

ಕಟ್ಟಡವನ್ನಲ್ಲ, ವರ್ಕ್‌ಶಾಪ್ ಅನ್ನು ನೋಡಿ. ಅನುಮತಿ ಕೇಳಿ ಒಳಗೆ ಹೋಗಿ. ಎಷ್ಟು ಲೇತ್‌ಗಳಿವೆ ಎಂಬುದಕ್ಕಿಂತ ಎಷ್ಟು ಓಡುತ್ತಿವೆ, ಒಂದು ಲೇತ್‌ಗೆ ಎಷ್ಟು ವಿದ್ಯಾರ್ಥಿಗಳು ನಿಂತಿದ್ದಾರೆ ಎಂಬುದನ್ನು ಎಣಿಸಿ. ಹತ್ತು ಮಂದಿ ಸುತ್ತ ನಿಂತು ಒಬ್ಬ ಮಾತ್ರ ಹ್ಯಾಂಡಲ್ ತಿರುಗಿಸುತ್ತಿದ್ದರೆ ಉಳಿದ ಒಂಬತ್ತು ಮಂದಿ ಕಲಿಯುತ್ತಿಲ್ಲ. ಸಿಎನ್‌ಸಿ ಯಂತ್ರದ ಮೇಲೆ ಹೊದಿಸಿದ ಬಟ್ಟೆಯ ಮೇಲೆ ಧೂಳು ಕೂತಿದೆಯೇ, ಯಂತ್ರದ ಕೆಳಗಿನ ತಟ್ಟೆಯಲ್ಲಿ ಲೋಹದ ಸುರುಳಿಗಳು ಬಿದ್ದಿವೆಯೇ ಎಂದು ನೋಡಿ. ಸುರುಳಿ ಬಿದ್ದಿದ್ದರೆ ಯಂತ್ರ ಓಡುತ್ತಿದೆ. ಕೊನೆಯ ಸೆಮಿಸ್ಟರಿನ ತರಬೇತಿಗೆ ವಿದ್ಯಾರ್ಥಿಗಳು ಯಾವ ಕಾರ್ಖಾನೆಗಳಿಗೆ ಹೋದರು ಎಂದು ಅಧ್ಯಾಪಕರನ್ನಲ್ಲ, ಹಿರಿಯ ವಿದ್ಯಾರ್ಥಿಗಳನ್ನು ಕೇಳಿ.

ಸಾಧ್ಯವಾದರೆ ಮಳೆಗಾಲದಲ್ಲಿ ಹೋಗಿ, ಅಳತೆಯ ಉಪಕರಣಗಳನ್ನು ಇಡುವ ಕಪಾಟು ತೆರೆದು ತೋರಿಸಲು ವಿನಂತಿಸಿ. ಜುಲೈ ತಿಂಗಳ ನಮ್ಮ ಗಾಳಿಯಲ್ಲಿ ಬೆವರಿದ ಬೆರಳಿನ ಗುರುತು ಒಂದು ರಾತ್ರಿ ಉಳಿದರೂ ಅಳತೆ ತಾಳೆ ನೋಡಲು ಬಳಸುವ ಉಕ್ಕಿನ ತುಂಡಾದ ಸ್ಲಿಪ್ ಗೇಜ್‌ನ ಮೇಲೆ ಕಂದು ಕಲೆಯಾಗಿ ನಿಲ್ಲುತ್ತದೆ. ಎಂಬತ್ತಕ್ಕೂ ಹೆಚ್ಚು ತುಂಡುಗಳಿರುವ ಆ ಪೆಟ್ಟಿಗೆಯಲ್ಲಿ ಪ್ರತಿಯೊಂದೂ ವ್ಯಾಸಲೀನಿನ ತೆಳು ಪದರ ಹೊದ್ದು ತನ್ನ ತನ್ನ ಗೂಡಿನಲ್ಲಿ ಕೂತಿದ್ದರೆ, ವರ್ನಿಯರ್ ಕ್ಯಾಲಿಪರ್‌ಗಳನ್ನು ಒರೆಸಿ ಎಣ್ಣೆ ಸವರಿ ಇಟ್ಟಿದ್ದರೆ, ಅಲ್ಲಿ ಕಲಿಸುವವರು ಯಾರೇ ಇರಲಿ, ನಿಮ್ಮ ಮಗುವನ್ನು ಧೈರ್ಯವಾಗಿ ಸೇರಿಸಬಹುದು.